ಪತ್ರಿಕೆಯ ಮಾತೂ ಹೆಣ್ಣಿನ ಮಾನವೂ

ಸ್ತ್ರೀಯರ ಮೇಲಿನ ಲೈಂಗಿಕ ಅಪರಾಧದ ವರದಿಯಿಲ್ಲದೆ ನಮ್ಮ ವೃತ್ತಪತ್ರಿಕೆಗಳು ಹೊರಬರುವ ದಿನಗಳು ವಿರಳ. ಅಪರಾಧದ ವಿವೇಚನೆಯನ್ನು ನ್ಯಾಯಶಾಸ್ತ್ರ ಬಲ್ಲವರು ಮಾಡಲಿ; ಭಾಷೆಯ ವಿದ್ಯಾರ್ಥಿನಿಯಾದ ನನ್ನ ಗಮನ ಹೋಗುವುದು ವರದಿಯ ಮಾತಿನ ಮೇಲೆ. ಸಂಪಾದಕೀಯವನ್ನು ಓದುವವರು ಕೆಲವರು. ಶೀರ್ಷಿಕೆಯನ್ನು ಬಸ್ ನಿಲ್ದಾಣದಲ್ಲಿ ನಿಂತವರೂ ಓದುತ್ತಾರೆ.

‘ಮಾನಭಂಗ’, ‘ಶೀಲಹರಣ’ ಎಂಬ ಪದಗಳನ್ನೇ ತೆಗೆದುಕೊಳ್ಳೋಣ. ಮನೆಯಲ್ಲಿ ಕಳವಾದರೆ ಮಾನ ಹೋಯಿತೆನ್ನುವುದು ಕಳ್ಳನದು. ಇಲ್ಲಿ ಮಾತ್ರ ಕೇಡು ಮಾಡಿದವನ ಮಾನ ಭದ್ರವಾಗಿ ಉಳಿದು, ಕೇಡಿಗೆ ಸಿಕ್ಕವಳದು ಭಂಗವಾಗುತ್ತದೆ! ‘ಅತ್ಯಾಚಾರ’ವೆಂಬುದು ಆಚಾರ ಮೀರಿದವನ ಕಡೆಗೆ ಬೆರಳು ತೋರುವುದರಿಂದ ಇವಕ್ಕಿಂತ ಮೇಲು. ಆದರೆ ‘ಅತ್ಯಾಚಾರಕ್ಕೊಳಗಾದ ಯುವತಿ’ ಎಂದೊಡನೆ ವಾಕ್ಯದಿಂದ ಕರ್ತೃ ಮಾಯವಾಗುತ್ತಾನೆ. ಜ್ವರಕ್ಕೆ ತುತ್ತಾದಂತೆ, ಮಳೆಗೆ ಸಿಕ್ಕಿದಂತೆ ಅದು ತಾನಾಗಿ ಬಂದೆರಗಿತು ಎಂಬ ಧಾಟಿ. ಕರ್ಮಣಿ ಪ್ರಯೋಗ ಕನ್ನಡಕ್ಕೆ ಒಗ್ಗದೆಂದು ನಮ್ಮ ಅಧ್ಯಾಪಕರು ಹೇಳುತ್ತಾರೆ. ಅಪರಾಧ ವರದಿಗಾರರಿಗೆ ಅದರ ಛಾಯೆ ಚೆನ್ನಾಗಿಯೇ ಒಗ್ಗಿದೆ.

ಆರೋಪಿಯ ಹೆಸರು ಬಂದಾಗಲಾದರೋ ಅವನು ‘ಕಾಮಪಿಶಾಚಿ’ ಅಥವಾ ‘ಕೀಚಕ’. ಪಿಶಾಚಿ ಊರ ಹೊರಗಿನದು. ನಮ್ಮ ನೆಂಟರಿಷ್ಟರಲ್ಲಿ ಯಾರೂ ಪಿಶಾಚಿಗಳಲ್ಲವಷ್ಟೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2012ರಲ್ಲಿ ದೇಶದಲ್ಲಿ ದಾಖಲಾದ 24,923 ಅತ್ಯಾಚಾರ ಪ್ರಕರಣಗಳ ಪೈಕಿ 24,470ರಲ್ಲಿ ಆರೋಪಿ ಆಕೆಗೆ ಪರಿಚಿತನೇ. ಕೀಚಕನೆಂಬ ಹೆಸರನ್ನು ಭಾರತ ಓದಿ ಬಳಸಿದ್ದರೆ ಅದು ಸರಿಯಾಗಿಯೇ ಹೊಂದುತ್ತಿತ್ತು. ಆತ ರಾಕ್ಷಸನಲ್ಲ, ರಾಣಿ ಸುದೇಷ್ಣೆಯ ಸಹೋದರ. ಸೈರಂಧ್ರಿಯನ್ನು ಅವನ ಮನೆಗೆ ಕಳುಹಿಸಿದವಳು ಆ ರಾಣಿಯೇ. ತುಂಬಿದ ಸಭೆಯಲ್ಲಿ ಅವನು ಒದ್ದಾಗ ಸುಮ್ಮನೆ ಕುಳಿತವನು ವಿರಾಟರಾಯ. ಇಷ್ಟೂ ಸಂಗತಿ ಶೀರ್ಷಿಕೆಯಲ್ಲಿ ಬಿಟ್ಟುಹೋಗುತ್ತದೆ.

ಪತ್ರಿಕೆಗಳ ಉಪಕಾರವನ್ನು ಮರೆಯಲಾಗದು. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಘೋರ ಕೃತ್ಯವನ್ನು ಅವು ಬಿಡದೆ ಬರೆದುವು. ವರ್ಮಾ ಸಮಿತಿ ನೇಮಕವಾಗಿ 2013ರಲ್ಲಿ ಕಾನೂನು ತಿದ್ದುಪಡಿಯಾಯಿತು. ಅದಕ್ಕೂ ಹಿಂದೆ, 1978ರಲ್ಲಿ, ಮಹಾರಾಷ್ಟ್ರದ ಠಾಣೆಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತು. ಹುಡುಗಿಯ ಮೈಮೇಲೆ ಗಾಯವಿಲ್ಲವೆಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. 1979ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಂವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಬರೆದ ಬಹಿರಂಗ ಪತ್ರ ಚಳವಳಿಗೆ ಕಿಡಿಯಾಯಿತು.

ಅದರ ಫಲವಾಗಿ ಬಂದ 1983ರ ತಿದ್ದುಪಡಿ, ನೊಂದವಳ ಹೆಸರು ಅಚ್ಚುಮಾಡುವುದನ್ನು ಎರಡು ವರ್ಷದವರೆಗೆ ಸೆರೆ ವಿಧಿಸಬಹುದಾದ ಅಪರಾಧವೆಂದಿತು. ಗುರುತು ಸಿಗುವಂಥ ಯಾವ ವಿವರವೂ ಕೂಡದೆಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿತು. ಆದರೂ ಹೆಸರನ್ನು ಬಿಟ್ಟು ಹಳ್ಳಿ, ತಂದೆಯ ಕಸಬು, ಓದುವ ತರಗತಿ ಎಲ್ಲವನ್ನೂ ಕೊಡುವ ವರದಿಗಳನ್ನು ನಮ್ಮ ವಾಚನಾಲಯದಲ್ಲೇ ಓದಿದ್ದೇನೆ. ಇನ್ನೂರು ಮನೆಗಳ ಹಳ್ಳಿಗೆ ಬೇರೆ ಗುರುತು ಬೇಕೆ?

ಕಳೆದ ವರ್ಷ ಇಂಥದೊಂದು ಸುದ್ದಿ ಮುಖಪುಟದಲ್ಲಿ ಬಂದ ವಾರ ನನ್ನ ಸಹಪಾಠಿನಿಯರಿಬ್ಬರು ಸಂಜೆಯ ಗಣಕ ತರಗತಿಯನ್ನು ಬಿಟ್ಟರು. ಮನೆಯವರ ಅಪ್ಪಣೆ. ‘ಸಂಜೆ ಒಂಟಿಯಾಗಿ ಬರುತ್ತಿದ್ದ’ ಎಂಬ ಮಾತು ಮೊದಲ ಸಾಲಿನಲ್ಲೇ ದಪ್ಪಕ್ಷರದಲ್ಲಿತ್ತು. ಆರೋಪಿ ಆಕೆಯ ಪಕ್ಕದ ಮನೆಯವನೆಂಬುದು ಒಳಪುಟದಲ್ಲಿ, ವರದಿಯ ಕೊನೆಯ ಸಾಲಿನಲ್ಲಿತ್ತು.