ನೇರತೆಯ ಲಕ್ಷಣ: ಒಂದು ಅಳತೆ, ಮೂರು ಉತ್ತರ

ಮರಾಠಿಯಲ್ಲಿ ‘ಸರಳ’ ಎಂಬುದಕ್ಕೆ ಬಾಗದೆ ನೆಟ್ಟಗಿರುವುದು ಎಂಬ ಅರ್ಥ ರೂಢಿಯಲ್ಲಿದೆ. ಕನ್ನಡದ ದಿನಬಳಕೆಯಲ್ಲಿ ಅದು ‘ಸುಲಭ’ವೆಂಬ ಅರ್ಥ ತಾಳಿದೆ. ‘ಸರಳರೇಖೆ’ ಎಂಬ ಶಾಸ್ತ್ರಪದದಲ್ಲಿ ಹಳೆಯ ಅರ್ಥ ಉಳಿದುಕೊಂಡಿದೆ. ಆದುದರಿಂದ ಯಂತ್ರಭಾಗಗಳ ತಪಾಸಣೆಯನ್ನು ಕುರಿತು ಬರೆಯುವಾಗ ‘ನೇರತೆ’ ಎಂಬ ಪದವೇ ಲೇಸು. ಆದರೆ ಪದ ದೊರೆತ ಮಾತ್ರಕ್ಕೆ ಕೆಲಸ ಮುಗಿಯದು; ಅದರ ಲಕ್ಷಣವನ್ನು ದೋಷವಿಲ್ಲದೆ ಹೇಳಬೇಕು.

ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 1101ರ ಆಶಯ ಇದು: ಅಳೆದ ರೇಖೆಯು, ನಕ್ಷೆಯಲ್ಲಿ ಹೇಳಿದ ಟಾಲರೆನ್ಸಿನಷ್ಟು ಅಂತರವಿರುವ ಎರಡು ಸಮಾನಾಂತರ ರೇಖೆಗಳ ನಡುವೆ ಅಡಗಬೇಕು. ಆ ಜೋಡಿರೇಖೆಗಳು ಯಾವ ಓರೆಯಲ್ಲಾದರೂ ಇರಬಹುದು. ಅಂಥ ಒಂದು ಜೋಡಿ ದೊರೆತರೂ ಭಾಗವು ಅಂಗೀಕಾರಾರ್ಹ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. 400 ಮಿ.ಮೀ. ಉದ್ದದ ಪಟ್ಟಿಯ ಮೇಲೆ ಡಯಲ್ ಗೇಜನ್ನು ಪ್ರತಿ 100 ಮಿ.ಮೀ.ಗೆ ಇರಿಸಿದಾಗ ದೊರೆತ ಎತ್ತರಗಳು ಕ್ರಮವಾಗಿ 0, 6, 0, −6, 0 ಮೈಕ್ರಾನ್. ಟಾಲರೆನ್ಸ್ 9 ಮೈಕ್ರಾನ್.

ಮೊದಲನೆಯದು, ಎರಡು ತುದಿಗಳನ್ನು ಕೂಡಿಸುವ ವಿಧಾನ. ಆ ರೇಖೆಯಿಂದ ಮೇಲಕ್ಕೆ 6, ಕೆಳಕ್ಕೆ 6, ಒಟ್ಟು 12. ಭಾಗ ತಿರಸ್ಕೃತ.

ಎರಡನೆಯದು, ಕನಿಷ್ಠ ವರ್ಗಗಳ ವಿಧಾನ. ಇಲ್ಲಿ ರೇಖೆಯು ಪ್ರತಿ 100 ಮಿ.ಮೀ.ಗೆ 1.2 ಮೈಕ್ರಾನ್ ಇಳಿಯುತ್ತದೆ. ವ್ಯತ್ಯಾಸಗಳು −2.4, 4.8, 0, −4.8, 2.4, ಒಟ್ಟು 9.6. ಈಗಲೂ ತಿರಸ್ಕೃತ.

ಮೂರನೆಯದು, ಕನಿಷ್ಠ ವಲಯದ ವಿಧಾನ. ರೇಖೆಯು ಪ್ರತಿ 100 ಮಿ.ಮೀ.ಗೆ 2 ಮೈಕ್ರಾನ್ ಇಳಿದರೆ ವ್ಯತ್ಯಾಸಗಳು 0, 8, 4, 0, 8, ಒಟ್ಟು 8. ಮೊದಲ ಬಿಂದು ಕೆಳರೇಖೆಗೆ, ಎರಡನೆಯದು ಮೇಲ್ರೇಖೆಗೆ, ನಾಲ್ಕನೆಯದು ಮತ್ತೆ ಕೆಳರೇಖೆಗೆ ತಾಗಿರುವುದರಿಂದ ಜೋಡಿಯನ್ನು ಎತ್ತ ಓರೆಮಾಡಿದರೂ ವಲಯ ಇನ್ನಷ್ಟು ಕಿರಿದಾಗದು. ಮಾನಕ ಕೇಳುವುದು ಈ ಅಂತರವನ್ನೇ. 8 ಎಂಬುದು 9ಕ್ಕಿಂತ ಕಡಿಮೆ, ಭಾಗ ಅಂಗೀಕೃತ.

ಲಕ್ಷಣದ ದೋಷಗಳೆಂದು ನಮ್ಮ ಶಾಸ್ತ್ರಕಾರರು ಹೇಳುವ ಅವ್ಯಾಪ್ತಿ, ಅತಿವ್ಯಾಪ್ತಿಗಳನ್ನು ಇಲ್ಲಿ ನೆನೆಯಬಹುದು. ಮೊದಲೆರಡು ವಿಧಾನಗಳ ಉತ್ತರ ಕನಿಷ್ಠ ವಲಯಕ್ಕಿಂತ ಎಂದೂ ಕಡಿಮೆಯಾಗದು. ಆದುದರಿಂದ ಅವು ಯೋಗ್ಯ ಭಾಗವನ್ನು ಹೊರಗಿಡಬಹುದು, ಇದು ಅವ್ಯಾಪ್ತಿ. ಅಳೆದ ಬಿಂದುಗಳೇ ವಿರಳವಾದರೆ ನಡುವಿನ ಉಬ್ಬುತಗ್ಗು ಕಣ್ತಪ್ಪಿ ಅಯೋಗ್ಯ ಭಾಗವೂ ಒಳನುಸುಳಬಹುದು, ಇದು ಅತಿವ್ಯಾಪ್ತಿ. ಈ ಎರಡನೆಯ ದೋಷವನ್ನು ಯಾವ ಗಣಿತವೂ ನೀಗದು. ಹೆಚ್ಚು ಬಿಂದುಗಳನ್ನು ಅಳೆಯುವುದೇ ದಾರಿ. ಉಪಕರಣದ ಅನಿಶ್ಚಿತತೆಯೇ 1 ಮೈಕ್ರಾನಿನಷ್ಟಿದ್ದರೆ ಮೇಲಿನ 8ನ್ನೂ ನಿಸ್ಸಂಶಯವಾಗಿ ಒಪ್ಪಲಾಗದು.

ಪದವಿಯ ನಂತರ ಕಾರ್ಖಾನೆಯ ತಪಾಸಣಾ ವಿಭಾಗ ಸೇರುವವರು ವರದಿಯಲ್ಲಿ ಬರಿಯ ಅಂಕಿಯನ್ನು ಬರೆಯದೆ ವಿಧಾನ, ಬಿಂದುಗಳ ಸಂಖ್ಯೆ, ಅನಿಶ್ಚಿತತೆ ಇವಿಷ್ಟನ್ನೂ ದಾಖಲಿಸಬೇಕು.

ಅಭ್ಯಾಸ: 0, 4, 0, −4, 0 ಎಂಬ ಅಳತೆಗಳಿಗೆ ಮೂರೂ ಉತ್ತರಗಳನ್ನು ಕಂಡುಹಿಡಿದು, ಟಾಲರೆನ್ಸ್ 6 ಮೈಕ್ರಾನ್ ಆದಾಗ ನಿಮ್ಮ ನಿರ್ಣಯವನ್ನು ಐದು ಕನ್ನಡ ವಾಕ್ಯಗಳಲ್ಲಿ ಬರೆಯಿರಿ.