ಕೂಡಿ ದುಡಿಯುವ ಕಾರ್ಯದಲ್ಲಿ ನಾಯಕನ ಹೊಣೆ

ಹಲವರು ಕೂಡಿ ಮಾಡುವ ಕಾರ್ಯಗಳಲ್ಲಿ ಎರಡು ಬಗೆಯುಂಟು. ಪೈರು ಕೊಯ್ಯಲು ಹತ್ತು ಆಳಿನ ಬದಲು ಇಪ್ಪತ್ತು ಆಳು ಬಂದರೆ ಅರ್ಧ ಹೊತ್ತಿನಲ್ಲಿ ಹೊಲವು ಬರಿದಾಗುವುದು. ಆದರೆ ಹೆಪ್ಪು ಹಾಕಿದ ಹಾಲಿನ ಬಳಿ ಇಪ್ಪತ್ತು ಜನ ಕುಳಿತರೂ ಅದು ತನ್ನ ಕಾಲಕ್ಕಲ್ಲದೆ ಮೊಸರಾಗದು. ಕೈಗೊಂಡ ಕಾರ್ಯವು ಇವೆರಡರಲ್ಲಿ ಯಾವ ಬಗೆಯದೆಂದು ಅರಿಯುವುದೇ ನಾಯಕನಾದವನ ಮೊದಲ ಕರ್ತವ್ಯ.

ಗಣಕಯಂತ್ರಗಳಿಗೆ ಬೇಕಾದ ತಂತ್ರಾಂಶವನ್ನು ರಚಿಸುವ ಕಾರ್ಯದಲ್ಲಿ ಈ ವಿವೇಕದ ಬೆಲೆಯು ಚೆನ್ನಾಗಿ ತೋರಿಬರುತ್ತದೆ. ಅಮೆರಿಕೆಯ ಐ.ಬಿ.ಎಂ. ಸಂಸ್ಥೆಯು ೧೯೬೪ರ ಏಪ್ರಿಲಿನಲ್ಲಿ ಸಿಸ್ಟಂ ೩೬೦ ಎಂಬ ಗಣಕಯಂತ್ರಗಳ ಶ್ರೇಣಿಯನ್ನು ಪ್ರಕಟಿಸಿತು. ಅದರ ನಿರ್ಮಾಣಕ್ಕೂ, ಬಳಿಕ ಅದನ್ನು ನಡೆಸುವ ಓ.ಎಸ್. ೩೬೦ ಎಂಬ ತಂತ್ರಾಂಶಕ್ಕೂ ಫ್ರೆಡರಿಕ್ ಬ್ರೂಕ್ಸ್ (೧೯೩೧–೨೦೨೨) ಎಂಬವರು ಮುಂದಾಳಾಗಿದ್ದರು. ತಂತ್ರಾಂಶವು ಗೊತ್ತುಪಡಿಸಿದ ಅವಧಿಯನ್ನೂ ವೆಚ್ಚದ ಅಂದಾಜನ್ನೂ ಮೀರಿತು. ಬ್ರೂಕ್ಸರು ಸಂಸ್ಥೆಯನ್ನು ಬಿಡುವಾಗ, ಅದರ ಮುಖ್ಯಸ್ಥರಾಗಿದ್ದ ಥಾಮಸ್ ವಾಟ್ಸನ್ ಕಿರಿಯರು, ಯಂತ್ರಕ್ಕಿಂತ ತಂತ್ರಾಂಶದ ಕಾರ್ಯವನ್ನು ನಡೆಸುವುದು ಕಠಿನವೇಕೆಂದು ಕೇಳಿದರು. ಆ ಪ್ರಶ್ನೆಗೆ ತಡವಾಗಿ ದೊರೆತ ಉತ್ತರವೇ ೧೯೭೫ರಲ್ಲಿ ಪ್ರಕಟವಾದ 'ದಿ ಮಿಥಿಕಲ್ ಮ್ಯಾನ್-ಮಂತ್' ಎಂಬ ಗ್ರಂಥ.

ತಡವಾದ ತಂತ್ರಾಂಶದ ಕಾರ್ಯಕ್ಕೆ ಮತ್ತಷ್ಟು ಜನರನ್ನು ಕೂಡಿಸಿದರೆ ಅದು ಇನ್ನೂ ತಡವಾಗುವುದು ಎಂಬುದು ಆ ಗ್ರಂಥದ ಪ್ರಸಿದ್ಧ ಸೂತ್ರ. ಇದಕ್ಕೆ ಕಾರಣಗಳೆರಡು. ಹೊಸಬನಿಗೆ ಕಾರ್ಯದ ಮರ್ಮವನ್ನು ತಿಳಿಸಲು ಅನುಭವಿಯಾದ ಹಳಬನೇ ತನ್ನ ಕೆಲಸವನ್ನು ಬಿಟ್ಟು ಬರಬೇಕು. ಇದು ಮೊದಲನೆಯದು. ಎರಡನೆಯದು, ಪರಸ್ಪರ ತಿಳಿಸಿಕೊಳ್ಳಬೇಕಾದ ಮಾತಿನ ಹೊರೆ. ಮೂವರಿದ್ದಲ್ಲಿ ಮಾತಿನ ದಾರಿಗಳು ೩. ಹತ್ತು ಮಂದಿಯಿದ್ದಲ್ಲಿ ೪೫. ಐವತ್ತು ಮಂದಿಯಿದ್ದಲ್ಲಿ ೧೨೨೫. ಜನರು ಐದು ಪಾಲು ಹೆಚ್ಚಿದರೆ ಮಾತಿನ ದಾರಿಗಳು ಇಪ್ಪತ್ತೇಳು ಪಾಲು ಹೆಚ್ಚುವುವು. ಹೀಗೆ ದುಡಿಮೆಯ ಹೊತ್ತೆಲ್ಲವೂ ಒಬ್ಬರಿಗೊಬ್ಬರು ತಿಳಿಹೇಳುವುದರಲ್ಲಿಯೇ ಸವೆದುಹೋಗುವುದು.

ಇದಕ್ಕಿಂತ ಆಳವಾದ ಪಾಠವೊಂದು ಆ ಗ್ರಂಥದಲ್ಲಿದೆ. ತಂತ್ರಾಂಶವು ಹೇಗಿರಬೇಕೆಂಬ ವಿವರವನ್ನು ಬರೆಯುವ ಹೊಣೆಯನ್ನು ಯಾರಿಗೆ ಒಪ್ಪಿಸಬೇಕೆಂಬ ಪ್ರಶ್ನೆಯು ಒಮ್ಮೆ ಎದ್ದಿತು. ವಿನ್ಯಾಸದ ವಿಭಾಗದಲ್ಲಿ ಸಮರ್ಥರಾದ ಹತ್ತು ಮಂದಿಯಿದ್ದರು. ಅವರು ಹತ್ತು ತಿಂಗಳು ಬೇಕೆಂದರು. ಅದು ಗೊತ್ತಾದ ಅವಧಿಗಿಂತ ಮೂರು ತಿಂಗಳು ಹೆಚ್ಚು. ರಚನಾವಿಭಾಗದಲ್ಲಿ ನೂರೈವತ್ತು ಮಂದಿಯಿದ್ದರು. ಅವರ ಮುಖ್ಯಸ್ಥರು, ಈ ಕೆಲಸ ದೊರೆಯದಿದ್ದರೆ ತಮ್ಮವರು ಕೈಕಟ್ಟಿ ಕುಳಿತಿರಬೇಕಾಗುವುದೆಂದೂ, ಕೊಟ್ಟರೆ ಸಕಾಲಕ್ಕೆ ಮುಗಿಸುವೆವೆಂದೂ ಹೇಳಿದರು. ಹಾಗೆ ಮಾಡಿದರೂ ಮೂರು ತಿಂಗಳು ತಡವಾಗುವುದಲ್ಲದೆ ಕೃತಿಯೂ ಕೀಳಾಗುವುದೆಂದು ವಿನ್ಯಾಸದ ಮುಖ್ಯಸ್ಥರು ಎಚ್ಚರಿಸಿದರು. ಬ್ರೂಕ್ಸರು ನೂರೈವತ್ತು ಮಂದಿಗೆ ಒಪ್ಪಿಸಿದರು. ಎಚ್ಚರಿಕೆಯ ಮಾತು ಎರಡರಲ್ಲಿಯೂ ನಿಜವಾಯಿತು. ಕೃತಿಯಲ್ಲಿ ಏಕಭಾವವು ಇಲ್ಲವಾದುದರಿಂದ ದೋಷಗಳನ್ನು ತಿದ್ದುವುದಕ್ಕೆ ಒಂದು ವರ್ಷ ಹೆಚ್ಚು ಹಿಡಿಯಿತೆಂದು ಅವರು ಲೆಕ್ಕಹಾಕಿದರು.

ಕೈಗಳು ಬಿಡುವಾಗಿವೆಯೆಂಬ ಕಾರಣಕ್ಕೆ ಯೋಚನೆಯ ಕೆಲಸವನ್ನು ಹಂಚಬಾರದು. ಮನೆಯ ನಕ್ಷೆಯು ಒಂದೆರಡು ಮನಸ್ಸುಗಳಿಂದ ಹುಟ್ಟಬೇಕು. ಗೋಡೆಯನ್ನು ಹಲವು ಕೈಗಳು ಎತ್ತಬಹುದು.

ಬ್ರೂಕ್ಸರು ತಮ್ಮ ತಪ್ಪನ್ನು ಅನ್ಯರ ಮೇಲೆ ಹೊರಿಸಲಿಲ್ಲ. ತಾವೇ ಬರೆದು ಜಗತ್ತಿನ ಮುಂದಿಟ್ಟರು. ಪ್ರತಿಯೊಬ್ಬನೂ ಇಡೀ ಕಾರ್ಯದ ಒಳವಿವರಗಳನ್ನೆಲ್ಲ ಕಾಣಬೇಕೆಂದು ಅವರು ಮೊದಲು ಎಣಿಸಿದ್ದರು. ಒಂದು ಭಾಗದ ಒಳವಿವರವು ಇತರರಿಗೆ ಮರೆಯಾಗಿರುವುದೇ ಲೇಸೆಂದು ಡೇವಿಡ್ ಪಾರ್ನಸ್ ಎಂಬ ವಿದ್ವಾಂಸರು ವಾದಿಸಿದ್ದರು. ೧೯೯೫ರ ಆವೃತ್ತಿಯಲ್ಲಿ ಬ್ರೂಕ್ಸರು, ಪಾರ್ನಸರ ಮತವೇ ಸರಿ, ತಮ್ಮದು ತಪ್ಪೆಂದು ಒಪ್ಪಿಕೊಂಡರು. ಇದರಿಂದ ಅವರ ಗೌರವವು ಕುಂದಲಿಲ್ಲ. ೧೯೯೯ರಲ್ಲಿ ಗಣಕವಿಜ್ಞಾನದ ಶ್ರೇಷ್ಠ ಸನ್ಮಾನವಾದ ಟ್ಯೂರಿಂಗ್ ಪ್ರಶಸ್ತಿಯು ಅವರಿಗೆ ಸಂದಿತು.

ಆದುದರಿಂದ ಮುಂದಾಳಾದವನು ಕಾಲವನ್ನು ಪ್ರಾಮಾಣಿಕವಾಗಿ ಅಳೆಯಬೇಕು, ಒಪ್ಪಿಗೆಯ ಸವಿಮಾತಿಗಿಂತ ಬಲ್ಲವನ ಕಹಿಮಾತಿಗೆ ಮೊದಲು ಕಿವಿಗೊಡಬೇಕು, ತಪ್ಪಿದಲ್ಲಿ ತಪ್ಪಿದೆನೆನ್ನಬೇಕು. ಸಂಸಾರವನ್ನು ನಡೆಸುವ ಗೃಹಸ್ಥನಿಗೂ ಈ ಮಾತುಗಳು ಹೊರತಲ್ಲ. ಮದುವೆಯ ಮನೆಯಲ್ಲಿ ಕೆಲಸ ಹಿಂದೆ ಬಿದ್ದಾಗ ಇನ್ನೂ ನಾಲ್ವರನ್ನು ಕರೆಯುವ ಮುನ್ನ, ಬಂದವರಿಗೆ ಹೇಳಿಕೊಡುವವರು ಯಾರೆಂದು ಒಮ್ಮೆ ಯೋಚಿಸುವುದು ಒಳ್ಳೆಯದು.