ಕಾರ್ನಿಟಿನ್ ಕೊಳ್ಳುವ ಮುನ್ನ: ತೆಂಗಿನ ಸೀಮೆಯವರಿಗೆ ಕೆಲವು ಸೂಚನೆಗಳು

ಮೈಯ ಕೊಬ್ಬನ್ನು ಕರಗಿಸುವುದೆಂದೂ ರಕ್ತದ ಸಕ್ಕರೆಯನ್ನು ತಗ್ಗಿಸುವುದೆಂದೂ ಭರವಸೆಯಿತ್ತು ಮಾರುವ ಕಾರ್ನಿಟಿನ್ ಗುಳಿಗೆಯನ್ನು ಕೊಳ್ಳಲು ಯೋಚಿಸುತ್ತಿರುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರು ಅದರ ಕಾರ್ಯವೇನೆಂಬುದನ್ನು ಮೊದಲು ಅರಿತುಕೊಳ್ಳುವುದು ಲೇಸು. 1905ರಲ್ಲಿ ರಷ್ಯಾದ ಗುಲೆವಿಚ್ ಮತ್ತು ಕ್ರಿಂಬರ್ಗ್ ಎಂಬವರು ಮಾಂಸದ ಸಾರದಲ್ಲಿ ಕಂಡುಹಿಡಿದ ಈ ದ್ರವ್ಯವು, ಮಂಡಿಯ ಹಮಾಲಿ ಕೊಬ್ಬರಿಯ ಚೀಲವನ್ನು ಹೊತ್ತು ಹೊಸ್ತಿಲು ದಾಟಿಸುವಂತೆ, ಉದ್ದ ಸರಪಳಿಯ ಕೊಬ್ಬಿನಾಮ್ಲಗಳನ್ನು ಜೀವಕೋಶದ ಮೈಟೊಕಾಂಡ್ರಿಯದೊಳಕ್ಕೆ ಒಯ್ದು ದಹನಕ್ಕೆ ಒಪ್ಪಿಸುತ್ತದೆ. ಕೊಳ್ಳುವವರಿಲ್ಲದ ದಿನ ಹಮಾಲಿಗಳನ್ನು ಹೆಚ್ಚಿಸಿದ ಮಾತ್ರಕ್ಕೆ ವ್ಯಾಪಾರ ಹೆಚ್ಚದು. ದೇಹವು ದುಡಿದು ಶಕ್ತಿಯನ್ನು ಬೇಡದಿರುವಾಗ ಕಾರ್ನಿಟಿನ್ನಿನ ಪಾಡೂ ಅದೇ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ತೂಕದಲ್ಲಿ ಕಂಡ ಇಳಿಕೆ ಸರಾಸರಿ ಒಂದೂಕಾಲು ಕಿಲೋದಷ್ಟು ಮಾತ್ರ. ಉಪವಾಸದ ಸಕ್ಕರೆಯಲ್ಲಿಯೂ ಇಳಿಕೆ ಅಲ್ಪವೇ.

ಆದಕಾರಣ ಮೊದಲ ಹೆಜ್ಜೆಯನ್ನು ಔಷಧದ ಅಂಗಡಿಗಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಡತಕ್ಕದ್ದು. ಮೂವತ್ತು ವರ್ಷ ದಾಟಿದವರಿಗೆ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಅಲ್ಲಿ ಉಚಿತ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದ್ದರೆ, ಉಪವಾಸದ ಸಕ್ಕರೆ 100, ಟ್ರೈಗ್ಲಿಸರೈಡ್ 150 ಮುಟ್ಟಿದ್ದರೆ, ರಕ್ತದೊತ್ತಡ 130/85ಕ್ಕೆ ಏರಿದ್ದರೆ ಆ ಅಂಕಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಬೇಕು. ಈ ಹಾಳೆಯಿಲ್ಲದೆ ಗುಳಿಗೆಯಿಂದ ಗುಣವಾಯಿತೋ ಇಲ್ಲವೋ ಎಂದು ನಿರ್ಣಯಿಸುವ ದಾರಿಯೇ ಇರುವುದಿಲ್ಲ.

ಎರಡನೆಯದು ಅಡುಗೆಮನೆಯ ವಿಚಾರ. ಇದನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಮಾಂಸವನ್ನು ಮುಟ್ಟದ ಮನೆಗಳಲ್ಲಿ ಕಾರ್ನಿಟಿನ್ ಕೊರತೆಯಾದೀತೆಂಬ ಭಯಕ್ಕೆ ಆಧಾರವಿಲ್ಲ; ಆರೋಗ್ಯವಂತರ ಯಕೃತ್ತೂ ಮೂತ್ರಪಿಂಡವೂ ಲೈಸಿನ್, ಮೆಥಿಯೊನಿನ್ ಎಂಬ ಅಮೈನೊ ಆಮ್ಲಗಳಿಂದ, ಕಬ್ಬಿಣ ಮತ್ತು ಸಿ ಜೀವಸತ್ವದ ನೆರವಿನೊಡನೆ, ಬೇಕಾದಷ್ಟನ್ನು ತಾವೇ ನಿರ್ಮಿಸಿಕೊಳ್ಳುತ್ತವೆ. ರಾಗಿಯಲ್ಲಿ ಲೈಸಿನ್ ಕಡಿಮೆ, ಹುರುಳಿಯಲ್ಲಿಯೂ ಅವರೆಯಲ್ಲಿಯೂ ಹೇರಳ. ಮುದ್ದೆಯೊಡನೆ ಹುರುಳಿ ಸಾರನ್ನು ಬಡಿಸಿದ ನಮ್ಮ ಹಿರಿಯರ ಊಟ ಈ ದೃಷ್ಟಿಯಿಂದ ಸಂಪೂರ್ಣವೇ ಆಗಿತ್ತು. ಅದರ ಮೇಲೊಂದಿಷ್ಟು ನಿಂಬೆರಸವನ್ನು ಹಿಂಡಿಕೊಳ್ಳಿರಿ. ಇನ್ನು ತೆಂಗು: ಎಂಟು, ಹತ್ತು ಇಂಗಾಲಗಳ ಮಧ್ಯಮ ಸರಪಳಿಯ ಕೊಬ್ಬಿನಾಮ್ಲಗಳು ಕಾರ್ನಿಟಿನ್ನಿನ ಹಂಗಿಲ್ಲದೆಯೇ ಒಳಹೊಕ್ಕು ದಹಿಸುವುದು ನಿಜವಾದರೂ, ಕೊಬ್ಬರಿ ಎಣ್ಣೆಯಲ್ಲಿ ಅವುಗಳ ಪಾಲು ಅಲ್ಪ; ಸುಮಾರು ಅರ್ಧದಷ್ಟಿರುವ ಲಾರಿಕ್ ಆಮ್ಲವು ಬಹುಮಟ್ಟಿಗೆ ಉದ್ದ ಸರಪಳಿಯವುಗಳಂತೆಯೇ ಹೀರಲ್ಪಡುತ್ತದೆ, ಮತ್ತು ಈ ಎಣ್ಣೆ ಇತರ ಸಸ್ಯತೈಲಗಳಿಗಿಂತ ಹೆಚ್ಚಾಗಿ ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ. ನಮ್ಮ ಜೀವನಾಧಾರವಾದ ಕಲ್ಪವೃಕ್ಷವನ್ನು ತ್ಯಜಿಸಿರೆಂದು ನಾನೆಂದಿಗೂ ಹೇಳಲಾರೆ; ಪಲ್ಯಕ್ಕೆ ತುರಿದ ಕಾಯಿ ಇರಲಿ, ಕರಿಯುವ ಎಣ್ಣೆ ಮಿತವಾಗಲಿ.

ಮೂರನೆಯದಾಗಿ, ಡಯಾಲಿಸಿಸ್‌ಗೆ ಒಳಗಾದವರಲ್ಲಿ ಕಾರ್ನಿಟಿನ್ ಸೋರಿಹೋಗುತ್ತದೆ; ಮೂರ್ಛೆರೋಗಕ್ಕೆ ವಾಲ್ಪ್ರೊಯೇಟ್ ಸೇವಿಸುವವರಲ್ಲಿಯೂ ಅದು ಕುಗ್ಗಬಹುದು; ಹುಟ್ಟಿನಿಂದಲೇ ಕೊರತೆಯಿರುವ ಮಕ್ಕಳಿಗಂತೂ ಅದು ಪ್ರಾಣರಕ್ಷಕ ಔಷಧ. ಇವರಿಗೆ ಅದು ಬೇಕೋ, ಎಷ್ಟು ಬೇಕೋ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ವಾರ್ಫರಿನ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಥೈರಾಯ್ಡ್ ಮಾತ್ರೆ ನುಂಗುವವರೂ, ಫಿಟ್ಸ್ ಬರುವವರೂ, ಗರ್ಭಿಣಿಯರೂ ಕೇಳದೆ ಮುಟ್ಟಬಾರದು.

ವೈದ್ಯರು ಒಪ್ಪಿದರೆ ಡಬ್ಬಿಯ ಮೇಲಿನ ಚೀಟಿಯಲ್ಲಿ ‘ಎಲ್-ಕಾರ್ನಿಟಿನ್’ ಅಥವಾ ‘ಲೀವೋಕಾರ್ನಿಟಿನ್’ ಎಂದಿರುವುದನ್ನೇ ಕೊಳ್ಳಬೇಕು. ‘ಡಿ’ ರೂಪ ಬೆರೆತದ್ದು ದೇಹದ ಸ್ವಂತ ಕಾರ್ನಿಟಿನ್ನಿಗೇ ಅಡ್ಡಿಮಾಡುತ್ತದೆ. ಪೂರಕ ಆಹಾರವೆಂದು ಮಾರುವ ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಿರಿ. ದಿನಕ್ಕೆ 3 ಗ್ರಾಂನಷ್ಟಾದರೆ ವಾಕರಿಕೆ, ಭೇದಿ, ಮೈಯಲ್ಲಿ ಮೀನಿನ ವಾಸನೆ ತೋರಬಹುದು. ನುಂಗಿದ್ದರ ಬಹುಭಾಗ ರಕ್ತಕ್ಕೆ ಸೇರದೆ ಕರುಳಿನಲ್ಲಿಯೇ ಉಳಿಯುತ್ತದೆ. ಅಲ್ಲಿನ ಸೂಕ್ಷ್ಮಾಣುಗಳು ಅದನ್ನು ರಕ್ತನಾಳಗಳಿಗೆ ಹಾನಿಕರವೆಂದು ಶಂಕಿಸಲಾದ ಟಿಎಂಎಓ ಎಂಬ ವಸ್ತುವಿನ ಉತ್ಪತ್ತಿಗೆ ಕಾರಣವಾಗುವಂತೆ ಮಾರ್ಪಡಿಸುವುದನ್ನು 2013ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಸಂಶೋಧಕರು ತೋರಿಸಿದರು. ಹೃದ್ರೋಗವುಳ್ಳವರು ಇದನ್ನು ಲಘುವಾಗಿ ಎಣಿಸಬಾರದು.

ಸಕ್ಕರೆಯ ಮಾತ್ರೆಯನ್ನು ಯಾವ ಕಾರಣಕ್ಕೂ ನಿಲ್ಲಿಸದೆ, ದಿನವೂ ಅರ್ಧ ಗಂಟೆ ಬಿರುಸಾಗಿ ನಡೆದು, ಮೂರು ತಿಂಗಳ ತರುವಾಯ ಅದೇ ಹಾಳೆಯಲ್ಲಿ ಹೊಸ ಅಂಕಿಗಳನ್ನು ಬರೆಸಿಕೊಳ್ಳಿರಿ. ವ್ಯತ್ಯಾಸ ಕಾಣದಿದ್ದರೆ ಮತ್ತೊಂದು ಡಬ್ಬಿ ಕೊಳ್ಳುವ ಮೊದಲು ವೈದ್ಯರನ್ನು ಕೇಳಿರಿ.